ಮದುವೆ ಕುದುರೆಯ ನಲವತ್ತು ಕಿಲೋಮೀಟರ್

ಜಿಲ್ಲಾ ವರದಿಗಾರನ ಕೆಲಸದ ಜೊತೆಗೆ ನನಗೆ ಕುದುರೆ ಸವಾರಿಯ ಹವ್ಯಾಸವಿದೆ. ಹಾಸನದ ಹೊರವಲಯದಲ್ಲಿ ನಾವು ಕೆಲವರು ಸೇರಿ ಸವಾರರ ಬಳಗವೊಂದನ್ನು ಕಟ್ಟಿಕೊಂಡಿದ್ದೇವೆ. ದೂರದ ಸವಾರಿಯ ಸ್ಪರ್ಧೆಯನ್ನು ನಮ್ಮ ಕಡೆಯೂ ನಡೆಸಬೇಕೆಂದು ತೀರ್ಮಾನವಾದಾಗ, ಊರೂರು ಸುತ್ತಿ ಸವಾರರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರು, ಮೈಸೂರಿನ ಕುದುರೆಗಳು ಹೇಗೂ ಬರುತ್ತವೆ. ನಮ್ಮ ತಾಲ್ಲೂಕುಗಳಿಂದಲೂ ನಾಲ್ಕು ಜನ ಇರಲಿ ಎಂಬುದು ಬಳಗದ ಆಸೆ.

ದುದ್ದದ ಟೀ ಅಂಗಡಿಯ ಮುಂದೆ, ಎತ್ತಿನ ಗಾಡಿ ಓಟದಲ್ಲಿ ಪಳಗಿದ ಕೆಲವರಿಗೆ ನಿಯಮ ವಿವರಿಸಿದೆ. ಇಲ್ಲಿ ವೇಗವೇ ಎಲ್ಲವೂ ಅಲ್ಲ. ದಾರಿಯಲ್ಲಿ ಪಶುವೈದ್ಯರು ಕುದುರೆಯ ಎದೆಬಡಿತ ನೋಡುತ್ತಾರೆ. ಕೊಟ್ಟ ಸಮಯದೊಳಗೆ ಅದು ಇಳಿಯದಿದ್ದರೆ ಸವಾರ ಅಲ್ಲಿಗೇ ಹೊರಗೆ. ಕುದುರೆಯನ್ನು ಸುಸ್ಥಿತಿಯಲ್ಲಿ ಕೊನೆ ಮುಟ್ಟಿಸಿದವರೆಲ್ಲ ಗೆದ್ದಂತೆಯೇ.

“ಎಲ್ರೂ ಗೆದ್ರೆ ಸೋಲೋನ್ ಯಾರ್ ಸಾ?” ಎಂದ ಒಬ್ಬ.

“ಪಂಚಾಯ್ತಿ ಎಲೆಕ್ಷನ್‌ಗೂ ಇದೇ ರೂಲ್ಸ್ ಮಾಡ್ಸಿ. ನಮ್ಮಣ್ಣನೂ ಒಂದ್ಸಲ ಗೆದ್ಕಳ್ಲಿ,” ಎಂದ ಇನ್ನೊಬ್ಬ.

ಪಕ್ಕದಲ್ಲೇ ಕೂತಿದ್ದ ಆ ಅಣ್ಣ “ಮುಚ್ಕಂಡ್ ಟೀ ಕುಡಿಯೋ ಲೇ” ಎಂದು ಗದರಿದ. ಎಲ್ಲರೂ ನಕ್ಕರು. ಯಾರೂ ಬರಲಿಲ್ಲ.

ಒಪ್ಪಿದ್ದು ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯ ಹೆಣ್ಣುಮಗಳೊಬ್ಬಳು. ಅರಕಲಗೂಡಿನ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಅವಳ ಅಣ್ಣ ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡಲೆಂದು ಒಂದು ಬಿಳಿ ಹೆಣ್ಣು ಕುದುರೆ ತಂದು, ತಮಟೆಯ ಸದ್ದಿಗೆ ಮುಂಗಾಲೆತ್ತಿ ಕುಣಿಯುವಂತೆ ಪಳಗಿಸಿದ್ದ. ಅಷ್ಟರಲ್ಲಿ ಮದುಮಕ್ಕಳು ತೆರೆದ ಜೀಪಿನಲ್ಲಿ ಬರತೊಡಗಿದರು. ಕುದುರೆ ಕೊಟ್ಟಿಗೆಯಲ್ಲೇ ಉಳಿಯಿತು. ಅದಕ್ಕೆ ಹುಲ್ಲು ಹಾಕಿ, ಮೈ ತಿಕ್ಕಿ, ಅದರ ಮೇಲೆ ಸವಾರಿ ಕಲಿತವಳು ತಂಗಿ. ನಾನು ಹೋದಾಗ ಅಣ್ಣ ಅದನ್ನು ಮಾರಲು ಗಿರಾಕಿ ಹುಡುಕುತ್ತಿದ್ದ.

“ಇದು ಕುಣಿಯೋ ಕುದ್ರೆ ಕಣ್ ಸಾ, ಓಡೋದಲ್ಲ,” ಎಂದ ಅಣ್ಣ.

“ಓಡ್ಸೋದ್ ಬ್ಯಾಡ ಕಣಣ್ಣಾ, ಮುಗಿಸುದ್ರೆ ಸಾಕಂತೆ,” ಎಂದಳು ತಂಗಿ.

“ಅಂಗಾರೆ ಮುಗ್ಸು. ಮುಗಿಸುದ್ರೆ ಮನೇಲಿರ್ತದೆ. ಇಲ್ದಿದ್ರೆ ಕೊಟ್ಬುಡ್ತೀನಿ. ಆಮ್ಯಾಕೆ ಮೂತಿ ಊದಿಸ್ಕಂಡ್ ಕೂರಂಗಿಲ್ಲ.”

ದಿನಾ ಬೆಳಗ್ಗೆ, ಅಂಗಡಿಗೆ ಹೊರಡುವ ಮುನ್ನ, ಅವಳು ನಾಲೆ ಏರಿಯ ಮೇಲೆ ಕುದುರೆಯನ್ನು ದುಡುಕಿಯಲ್ಲಿ, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ಹೆಜ್ಜೆಯಲ್ಲಿ, ನಡೆಸಿದಳು. ಬಿಸಿಯೇರಿದಾಗ ಇಳಿದು ಜೊತೆಗೆ ನಡೆಯುವುದು, ಕತ್ತಿಗೆ ನೀರು ಹಾಕುವುದು, ದವಡೆಯ ಕೆಳಗೆ ಬೆರಳಿಟ್ಟು ನಾಡಿ ನೋಡುವುದು ರೂಢಿಯಾಯಿತು. ನನ್ನ ತಿಳಿವಳಿಕೆಯ ಮಟ್ಟಿಗೆ ಅವಳು ಸಿದ್ಧವಾಗಿದ್ದಳು.

ಸ್ಪರ್ಧೆಯ ದಿನ ಅರಕಲಗೂಡಿನಿಂದ ಹೊಳೆನರಸೀಪುರದ ದಿಕ್ಕಿಗೆ ಅರ್ಧ ದಾರಿ ಹೋಗಿ, ತಪಾಸಣೆ ಮುಗಿಸಿ ಹಿಂತಿರುಗಬೇಕಿತ್ತು. ಒಟ್ಟು ನಲವತ್ತು ಕಿಲೋಮೀಟರ್. ಅವಳು ಯಾರನ್ನೂ ಹಿಂದಿಕ್ಕಲು ಹೋಗದೆ ತಪಾಸಣೆಯ ಊರಿಗೆ ಬಂದಳು. ಕುದುರೆಯ ಉಸಿರು ಹದವಾಗಿತ್ತು.

ಆ ಊರಿನವರು ಅತಿಥಿಗಳನ್ನು ಸುಮ್ಮನೆ ಬರಮಾಡಿಕೊಳ್ಳುವವರಲ್ಲ. ತಮಟೆ ತರಿಸಿದ್ದರು. ನಗರದ ಕುದುರೆಗಳು ಸದ್ದಿಗೆ ಬೆಚ್ಚಿದವು; ಅವುಗಳ ಸಹಾಯಕರು ಮರಗಳ ಮರೆಗೆ ಕರೆದೊಯ್ದು ಸಮಾಧಾನ ಮಾಡಿದರು. ಬಿಳಿ ಕುದುರೆ ಬೆಚ್ಚಲಿಲ್ಲ. ಕಿವಿ ನಿಮಿರಿಸಿತು, ಕತ್ತು ಬಿಲ್ಲಿನಂತೆ ಬಾಗಿಸಿತು, ಕುಣಿಯತೊಡಗಿತು.

“ನಿಲ್ಸಿ ಅಣ್ಣಾ, ಕೈ ಮುಗಿತೀನಿ, ನಿಲ್ಸಿ!” ಎಂದು ಅವಳು ಕೂಗಿದಳು.

“ನಮ್ ತಾಲ್ಲೂಕಿನ್ ಎಣ್ಮಗಳು ಕಣ್ಲಾ, ನಾಚ್ಕತಾವ್ಳೆ! ಬಾರ್ಸ್ರಲಾ ಜೋರಾಗಿ!” ಎಂದರು ಊರಿನ ಹಿರಿಯರೊಬ್ಬರು.

ಅವಳು ಕುದುರೆಯನ್ನು ತೆಂಗಿನ ತೋಟದತ್ತ ಎಳೆದೊಯ್ದಳು. ಹಾರ ಹಿಡಿದವರು, ಫೋಟೋದವರು ಹಿಂದೆಯೇ ಹೋದರು. ತಮಟೆಯೂ ಹೋಯಿತು. ನಾನು ಮತ್ತು ಬಳಗದ ಇಬ್ಬರು ಒಬ್ಬೊಬ್ಬರ ಕೈ ಹಿಡಿದು ಹೇಳಿ ನಿಲ್ಲಿಸುವ ಹೊತ್ತಿಗೆ ಸಮಯ ಮುಗಿಯುತ್ತ ಬಂದಿತ್ತು. ವೈದ್ಯರು ಕಡೆಯ ಗಳಿಗೆಯವರೆಗೆ ಕಾದು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಬಡಿತ ಇಳಿದಿರಲಿಲ್ಲ.

“ಕಾಲು ಚೆನ್ನಾಗಿದೆ, ಉಸಿರು ಚೆನ್ನಾಗಿದೆ. ಆದರೆ ಬಿಡೋಕಾಗಲ್ಲಮ್ಮ,” ಎಂದರು ಅವರು.

ನಿಯಮ ಇರುವುದು ಕುದುರೆಯ ಜೀವಕ್ಕಾಗಿ. ಯಾವ ಕಾರಣಕ್ಕೆ ಎದೆ ಬಡಿಯುತ್ತಿದೆ ಎಂದು ಅದು ಕೇಳುವುದಿಲ್ಲ, ಕೇಳಲೂಬಾರದು. ವೈದ್ಯರು ಮಾಡಿದ್ದು ಸರಿ. ಸರಿ ಎಂದು ಒಪ್ಪಿಕೊಂಡೇ ನಾನು ಆ ಹೊತ್ತು ಅವಳ ಮುಖ ನೋಡದೆ ಜೀನಿನ ಪಟ್ಟಿ ಬಿಚ್ಚಲು ನಿಂತೆ.

ಹಾರ ಹಾಕಲು ಬಂದವರು ಹಾಕಿಯೇ ಹೋದರು.

ಅಂದು ಸಂಜೆ ಫೋನ್ ಮಾಡಿ ವಿಚಾರಿಸಿದ ಅವಳ ಅಣ್ಣನಿಗೆ ‘ರೂಲ್ಸ್ ಅಂದ್ರೆ ರೂಲ್ಸು’ ಎಂದೆ. ಅವಳು ಹೊರಬಿದ್ದ ಸಂಗತಿಯನ್ನೂ ಅದರ ಕಾರಣವನ್ನೂ ವರದಿಯಲ್ಲಿ ಬರೆದಿದ್ದೆ. ಡೆಸ್ಕಿನವರು ಜಾಗ ಸಾಲದೆ ಆ ಪ್ಯಾರಾ ತೆಗೆದರು. ಬೆಳಗ್ಗೆ ಪತ್ರಿಕೆಯಲ್ಲಿ ಬಂದದ್ದು ಮುಂಗಾಲೆತ್ತಿದ ಬಿಳಿ ಕುದುರೆ, ಲಗಾಮು ಹಿಡಿದು ಬಾಯಿ ತೆರೆದ ಹುಡುಗಿ. ಅಡಿಯಲ್ಲಿ ‘ತಮಟೆಯ ನಾದಕ್ಕೆ ಸಂಭ್ರಮದ ಹೆಜ್ಜೆ’.

ಆ ಫೋಟೋ ನೋಡಿ ಚನ್ನರಾಯಪಟ್ಟಣದಿಂದ ಗಿರಾಕಿ ಬಂದ. ಅಲ್ಲಿ ಮೆರವಣಿಗೆಗಳಿಗೆ ಇನ್ನೂ ಕುದುರೆ ಕೇಳುತ್ತಾರಂತೆ. ವಿಷಯ ತಿಳಿದು ನಾನೂ ಮಲ್ಲಿಪಟ್ಟಣದ ಕಡೆ ಹೊರಟೆ. ಇನ್ನೊಂದು ಸ್ಪರ್ಧೆಯವರೆಗೆ ಕಾಯಬಹುದಲ್ಲ ಎಂದು ಅಣ್ಣನನ್ನು ಕೇಳಿದೆ.

“ನೀವೇ ಅಲ್ವಾ ಸಾ ರೂಲ್ಸ್ ಅಂದ್ರೆ ರೂಲ್ಸು ಅಂದಿದ್ದು?” ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ.

ಕುದುರೆ ಬೇರೆ ಯಾರು ಎಳೆದರೂ ಟೆಂಪೊ ಹತ್ತಲಿಲ್ಲ. ಕೊನೆಗೆ ಅವಳೇ ಹತ್ತಿಸಿ, ಹಗ್ಗ ಕಟ್ಟಿ ಇಳಿದಳು. ಗಿರಾಕಿಯ ಹತ್ತಿರ ಹೋಗಿ, “ಬೆವ್ತಾಗ ನಿಲ್ಲಿಸ್ಬುಡ್ಬೇಡಿ ಅಣ್ಣಾ. ಕತ್ತಿಗೆ ನೀರಾಕಿ ಮೆಲ್ಲಗೆ ನಡೆಸ್ಬೇಕು,” ಎಂದಳು.

“ಮೆರವಣಿಗೇಲಿ ಎಲ್ಲವ್ವಾ ನಡಿಯೋದು? ನಿಂತ್ ನಿಂತಂಗೇ ಕುಣಿಯೋದು,” ಎನ್ನುತ್ತ ಅವನು ಟೆಂಪೊದ ಹಿಂಬಾಗಿಲು ಹಾಕಿದ.