ಅಜ್ಜಿ ಬರೆಸಿದ ಕಾರ್ಡು

ಇಂದು ಮುಂಜಾನೆ ಮೊಬೈಲಿನಲ್ಲಿ, ರೆಕ್ಕೆಯಿರುವ ರಾಕೆಟ್ಟೊಂದು ಚಿತ್ರದುರ್ಗದ ಬಯಲಲ್ಲಿ ವಿಮಾನದಂತೆ ಇಳಿಯುವುದನ್ನು ನೋಡಿದೆ. ಅದನ್ನೇ ಮತ್ತೆ ಹಾರಿಸಬಹುದಂತೆ. ಕಟ್ಟಿದವರು ಒಬ್ಬರನ್ನೊಬ್ಬರು ತಬ್ಬಿಕೊಂಡಾಗ ನನ್ನ ಕಣ್ಣು ತುಂಬಿತು.

ನಾನು ಸಣ್ಣವಳಿದ್ದಾಗ, ಇಂಗಳೇಶ್ವರದ ನಮ್ಮ ಮನೆಯ ರೇಡಿಯೋ ಒಂದು ದಿನ ರಾಕೆಟ್ ಸಮುದ್ರಕ್ಕೆ ಬಿತ್ತೆಂದು ಹೇಳಿತು. ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

“ಒಳಗ ಯಾರಿದ್ರವಾ?”

“ಯಾರೂ ಇದ್ದಿದ್ದಿಲ್ಲಬೇ ಅಜ್ಜಿ.”

“ಕಟ್ಟಿದವ್ರು ಅದಾರಲ್ಲ. ಇವತ್ತ ಅವರಿಗೆ ತುತ್ತು ಇಳದೀತೇನು? ಒಂದು ಕಾರ್ಡು ಬರಿ.”

ಹಿಟ್ಟಿನ ಕೈಯಲ್ಲೇ ಕುಳಿತು ಬರೆಸಿದಳು: “ಮೊದಲ ಊಟ ಮಾಡ್ರಿ. ಆಮ್ಯಾಲ ಮತ್ತ ಕಟ್ರಿ.”

ವಿಳಾಸ ಗೊತ್ತಿರಲಿಲ್ಲ. ‘ರಾಕೆಟ್ ಮಾಡುವವರಿಗೆ’ ಎಂದಷ್ಟೇ ಬರೆದು ಅಂಚೆ ಡಬ್ಬಿಗೆ ಹಾಕಿದೆ. ಉತ್ತರ ಬರಲಿಲ್ಲ.

“ಕೆಲಸದಾಗ ಅದಾರ, ಬಿಡು,” ಎಂದಳು ಅಜ್ಜಿ.

“ಯಾಕವ್ವಾ ಅಳಾಕತ್ತಿ?” ಎಂದು ಮಗಳು ಇವತ್ತು ಮುಂಜಾನೆ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.