ಕೂಸಪ್ಪ ಗೌಡರು ಕೇಳಿದ ಪ್ರಶ್ನೆಗಳು

ನೆಕ್ಕರೆಮೂಲೆಯ ಕೂಸಪ್ಪ ಗೌಡರು ಏಳು ವರ್ಷಗಳಲ್ಲಿ ವಿಶ್ವವಿದ್ಯಾಲಯದ ವಿದ್ವಾಂಸರಿಗೆ ನಲವತ್ತಮೂರು ಪ್ರಶ್ನೆಗಳನ್ನು ಕೇಳಿದರು. ಅದರಲ್ಲಿ ನಲವತ್ತೊಂದನ್ನು ಬರೆದುಕೊಟ್ಟವನು ನಾನು. ಅವರ ವಿಷಯ ಬರೆಯಲು ನನಗಿರುವ ಯೋಗ್ಯತೆ ಇಷ್ಟೇ.

ನೆಕ್ಕರೆಮೂಲೆ ಇರುವುದು ಅರಂತೋಡಿನಿಂದ ಒಳಗೆ ಮೂರು ಮೈಲು. ನಾನು ಅಲ್ಲಿಯ ಶಾಲೆಗೆ ಮಾಸ್ತರನಾಗಿ ಹೋದದ್ದು ಐವತ್ತೈದರಲ್ಲಿ. ಒಂದು ಕೋಣೆ, ಒಬ್ಬ ಮಾಸ್ತರ, ಐದರ ತನಕ ತರಗತಿ. ಐದು ಮುಗಿಸಿದ ಗಂಡುಮಕ್ಕಳು ಸುಳ್ಯದಲ್ಲಿ ಯಾರಾದರೂ ನೆಂಟರ ಮನೆಯಲ್ಲಿ ನಿಂತು ಓದುತ್ತಿದ್ದರು. ಹೆಣ್ಣುಮಕ್ಕಳು ಓದುತ್ತಿರಲಿಲ್ಲ. ಇದರಲ್ಲಿ ಏನಾದರೂ ತಪ್ಪಿದೆ ಎಂದು ಊರಿನಲ್ಲಿ ಯಾರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ. ಊರಿನಲ್ಲಿ ಒಂದು ವಾಚನಾಲಯವೂ ಇತ್ತು. ಪಟೇಲರಾದ ಡೊಂಬಯ್ಯನವರು ಅದರ ಅಧ್ಯಕ್ಷರು, ನಾನು ಕಾರ್ಯದರ್ಶಿ, ಪುಸ್ತಕಗಳು ಹನ್ನೊಂದು.

ಸರಕಾರದ ಯೋಜನೆ, ಕಾನೂನು, ನೀತಿ ಇವುಗಳನ್ನೆಲ್ಲ ಜನಸಾಮಾನ್ಯರಿಗೆ ತಿಳಿಸಬೇಕೆಂದು ವಿಶ್ವವಿದ್ಯಾಲಯದವರು ಪ್ರೊಫೆಸರರನ್ನು ಹಳ್ಳಿಗಳಿಗೆ ಕಳುಹಿಸುತ್ತಿದ್ದ ಕಾಲ ಅದು. ಐವತ್ತೇಳರಲ್ಲಿ ನಮಗೂ ಒಂದು ಉಪನ್ಯಾಸ ಸಿಕ್ಕಿತು. ರಾಮಪ್ರಸಾದ ಎಂಬ ಪ್ರೊಫೆಸರರು ಅರಂತೋಡಿನಲ್ಲಿ ಬಸ್ಸಿಳಿದು, ಮೂರು ಮೈಲು ನಡೆದು ಬಂದು, ನಮ್ಮ ಶಾಲೆಯ ಕೋಣೆಯಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಬಗ್ಗೆ ಎರಡು ಗಂಟೆ ಮಾತಾಡಿದರು. ಜನ ಮಿಸುಕದೆ ಕೂತಿದ್ದರು. ಕೊನೆಗೆ ಅವರು, “ಪ್ರಶ್ನೆಗಳಿದ್ದರೆ ಕೇಳಬಹುದು” ಎಂದರು. ಯಾರೂ ಬಾಯಿ ಬಿಡಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡುತ್ತಾರೆ, ಊಟ ಹಾಕುತ್ತಾರೆ. ಬಿಸಿಲಲ್ಲಿ ನಡೆದು ಬಂದವರನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಕ್ರಮವಿಲ್ಲ.

ಪ್ರೊಫೆಸರರ ಬಳಿ ಒಂದು ಅಚ್ಚಾದ ಕಾಗದವಿತ್ತು. ಅದರಲ್ಲಿ ಸಭಿಕರ ಸಂಖ್ಯೆ ಎಂದು ಒಂದು ಸಾಲು, ಸಭಿಕರು ಕೇಳಿದ ಪ್ರಶ್ನೆಗಳು ಎಂದು ಇನ್ನೊಂದು ಸಾಲು. ಎರಡನೆಯದರ ಮುಂದೆ ಅವರು ‘ಇಲ್ಲ’ ಎಂದು ಬರೆದರು. ಬರೆದು, ಪ್ರಶ್ನೆ ಬಾರದ ಊರಿಗೆ ಮುಂದಿನ ವರ್ಷ ಉಪನ್ಯಾಸ ಸಿಗುವುದು ಕಷ್ಟವೆಂದು ಸೌಮ್ಯವಾಗಿಯೇ ಹೇಳಿ ಹೋದರು.

ಡೊಂಬಯ್ಯನವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಧ್ಯಕ್ಷತೆ ವಹಿಸುವುದಕ್ಕೆಂದೇ ಪುತ್ತೂರಿನಲ್ಲಿ ಕರಿಕೋಟು ಹೊಲಿಸಿದ್ದರು. ಅದನ್ನು ಒಂದೇ ಸಲ ತೊಟ್ಟಿದ್ದರು. ಮರುದಿನ ನನ್ನನ್ನು ಕರೆಸಿದರು.

“ನೆಂಟ್ರ ಹತ್ರ ಪ್ರಶ್ನೆ ಕೇಳುದು ಮರ್ಯಾದೆಯಾ ಮಾಷ್ಟ್ರೆ?”

“ಕೇಳಿ ಅಂತ ಅವರೇ ಹೇಳ್ತಾರಲ್ಲ ಪಟೇಲ್ರೆ.”

“ಹಾಗಾದ್ರೆ ಅದಕ್ಕೆ ಒಂದು ಜನ ನೇಮಿಸುವ. ಬೈಗಳು ತಿನ್ನುದಾದ್ರೂ ಒಬ್ಬನೇ ತಿನ್ಲಿ.”

ಹೀಗೆ ಕೂಸಪ್ಪ ಗೌಡರ ನೇಮಕವಾಯಿತು. ಸ್ವರ ದೊಡ್ಡದು ಎಂಬುದು ಒಂದು ಕಾರಣ. ಅಂಗಳದಲ್ಲಿ ನಿಂತು ಕೂಗಿದರೆ ಹೊಳೆಯ ಆಚೆಯವರು ತಮ್ಮನ್ನೇ ಕರೆದದ್ದೆಂದು ಓಗೊಡುತ್ತಿದ್ದರು. ಇನ್ನೊಂದು ಕಾರಣ, ಅವರು ಆಗುವುದಿಲ್ಲ ಎಂದು ಹೇಳುವವರಲ್ಲ. ಎರಡು ಮುಡಿ ಭತ್ತ ಬಿತ್ತುವಷ್ಟು ಗದ್ದೆ, ಒಂದು ಜೊತೆ ಕೋಣ, ಹೆಂಡತಿ ದೇವಮ್ಮ, ಒಬ್ಬಳೇ ಮಗಳು ಕುಮುದಿನಿ. ಯಾರ ತಂಟೆಗೂ ಹೋಗದ ಮನುಷ್ಯ. ಅಂಥವರನ್ನು ಹುಡುಕಿ ಇಂಥ ಕೆಲಸಕ್ಕೆ ಹಾಕುವುದು ಊರಿನ ಪದ್ಧತಿ.

ಉಪನ್ಯಾಸದ ವಿಷಯ ಅಂಚೆಯಲ್ಲಿ ಬಂದ ಮೇಲೆ ನಾನು ಒಂದು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುತ್ತಿದ್ದೆ. ಗೌಡರು ಅದನ್ನು ಒಂದು ವಾರ ಉಳುವಾಗ ಬಾಯಿಪಾಠ ಮಾಡುತ್ತಿದ್ದರು. ಸಭೆಯ ದಿನ ಬಿಳಿ ಅಂಗಿ ತೊಟ್ಟು ಮೂರನೆಯ ಸಾಲಿನ ಎಡಗಡೆ ಕೂರುತ್ತಿದ್ದರು. ಪ್ರಶ್ನೆ ಕೇಳಿ ಎಂದ ಕೂಡಲೇ ಏಳಬಾರದು, ಕಿವಿ ತುರಿಸಿಕೊಂಡು, ಆಚೆ ಈಚೆ ನೋಡಿ, ಮನಸ್ಸಿಲ್ಲದವರ ಹಾಗೆ ಏಳಬೇಕೆಂದು ನಾವು ಕಲಿಸಿದ್ದೆವು. ಅವರು ಅದನ್ನು ನಾವು ಕಲಿಸಿದ್ದಕ್ಕಿಂತ ಚೆನ್ನಾಗಿ ಮಾಡಿದರು. ಉಪನ್ಯಾಸ ನಡೆಯುವಾಗ ಮಾತ್ರ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಪ್ರಶ್ನೆ ಮರೆತು ಹೋದೀತೆಂದು ಎರಡು ಗಂಟೆಯೂ ತುಟಿ ಆಡಿಸುತ್ತಿದ್ದರು. ಕೇಳಿ ಮುಗಿದ ಮೇಲೆ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಉತ್ತರವೂ ಮುಗಿದಿರುತ್ತಿತ್ತು.

ಒಂದು ಸಲ ಯಡವಟ್ಟಾಯಿತು. ಜಪಾನು ಪದ್ಧತಿಯ ಭತ್ತದ ಬೇಸಾಯ ಎಂದು ಕಾಗದ ಬಂದಿತ್ತು. ಬಂದ ವಿದ್ವಾಂಸರು ಬೇರೆಯವರು, ಮಾತಾಡಿದ್ದು ವಿಶ್ವಸಂಸ್ಥೆಯ ಬಗ್ಗೆ. ನಾನು ಬಾಗಿಲ ಬಳಿಯಿಂದ ಕೈಸನ್ನೆ ಮಾಡಿದೆ. ಗೌಡರು ನೋಡಲಿಲ್ಲ. ಎದ್ದು ನಿಂತು, “ಸ್ವಾಮಿ, ಇದಕ್ಕೆ ಹಟ್ಟಿಗೊಬ್ಬರ ಎಷ್ಟು ಹಾಕ್ಬೇಕು?” ಎಂದು ಕೇಳಿದರು. ವಿದ್ವಾಂಸರು, ಲೋಕಶಾಂತಿಗೆ ಪ್ರತಿಯೊಂದು ದೇಶವೂ ಎಷ್ಟು ತ್ಯಾಗ ಮಾಡಬೇಕೆಂದು ಈ ರೈತರು ಕೇಳುತ್ತಿದ್ದಾರೆ ಎಂದು ವಿವರಿಸಿ, ಅರ್ಧ ಗಂಟೆ ಉತ್ತರ ಕೊಟ್ಟರು. ಹೋಗುವಾಗ ಗೌಡರ ಕೈ ಹಿಡಿದು ಕುಲುಕಿದರು.

ಅಲ್ಲಿಂದ ಹೆಸರು ಹಬ್ಬಿತು. ಬೇರೆ ಊರಿನ ವಾಚನಾಲಯದವರು ಗೌಡರನ್ನು ಎರವಲು ಕೇಳತೊಡಗಿದರು. ಪುತ್ತೂರಿಗೆ ನಾಲ್ಕು ಸಲ ಹೋದರು. ಕೊಯಿಲದಲ್ಲಿ ಪಶುಸಂಗೋಪನೆಯ ನೀತಿಯ ಬಗ್ಗೆ ಸಭೆಯಾದಾಗ ಅಲ್ಲಿಯ ಪಶುಕ್ಷೇತ್ರದ ಗೂಳಿಗಳನ್ನು ನೋಡಿ ಬಂದದ್ದೇ ಅವರಿಗೆ ದೊಡ್ಡ ಸಂತೋಷ. ವಿಶ್ವವಿದ್ಯಾಲಯದ ವರದಿಯೊಂದರಲ್ಲಿ ನೆಕ್ಕರೆಮೂಲೆಯವರು ಚಿಂತನಶೀಲರು ಎಂದು ಅಚ್ಚಾಯಿತು. ಡೊಂಬಯ್ಯನವರು ಆ ಪುಟಕ್ಕೆ ಚೌಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದರು.

ಕುಮುದಿನಿ ಐದು ಪಾಸಾದದ್ದು ಐವತ್ತೆಂಟರಲ್ಲಿ. ಆಗ ಅವಳಿಗೆ ಹತ್ತು ವರ್ಷ. ನಾನು ಕಲಿಸಿದ ಮಕ್ಕಳಲ್ಲಿ ಅಷ್ಟು ಚುರುಕಿನವರು ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ಸುರುವಾದಾಗ ಅವಳು ಮತ್ತೆ ಬಂದು ಐದನೆಯ ತರಗತಿಯಲ್ಲಿ ಕೂತಳು.

“ನೀನು ಪಾಸಾಗಿದ್ದಿ” ಎಂದೆ.

“ಗೊತ್ತುಂಟು ಮಾಷ್ಟ್ರೆ. ಮುಂದಿನ ಕ್ಲಾಸು ಇಲ್ಲಲ್ಲ” ಎಂದಳು.

ಹಾಗೆ ಮೂರು ವರ್ಷ ಕೂತಳು. ಎರಡನೆಯ ವರ್ಷಕ್ಕೆ ಪುಸ್ತಕವೆಲ್ಲ ಬಾಯಿಗೆ ಬರುತ್ತಿತ್ತು. ಮೂರನೆಯ ವರ್ಷ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು, ನನಗೂ ಸ್ವಲ್ಪ ಅನುಕೂಲವಾಯಿತು. ಆಮೇಲೆ ದೊಡ್ಡವಳಾದಳು, ಬರುವುದನ್ನು ನಿಲ್ಲಿಸಿದಳು.

ದೇವಮ್ಮ ಗಂಡನಿಗೆ ಹೇಳುತ್ತಿದ್ದ ಮಾತು ಒಂದೇ. “ಅಷ್ಟು ದೊಡ್ಡವರ ಹತ್ರ ಏನೇನೋ ಕೇಳ್ತೀರಿ. ಮಗಳ ಶಾಲೆದ್ದು ಒಂದು ಕೇಳಿ.” ಗೌಡರು ಆ ಮಾತನ್ನು ನನ್ನ ಬಳಿ ತಂದರು. ಆ ಸಲದ ವಿಷಯ ಸಹಕಾರ ಸಂಘಗಳು.

“ವಿಷಯಕ್ಕೆ ಹೊಂದುದಿಲ್ಲ ಗೌಡ್ರೆ. ಅವರು ಎಂತ ಎಣಿಸಿಯಾರು? ಶಿಕ್ಷಣದ ವಿಷಯ ಬರ್ಲಿ, ಆಗ ಕೇಳುವ” ಎಂದೆ.

“ಹೌದು, ಹೊಂದುದಿಲ್ಲ” ಎಂದು ಅವರು ಒಪ್ಪಿದರು.

ಮುಂದಿನ ಸಲ ಪಂಚಶೀಲ. ಅದರ ಮುಂದಿನದು ಪಂಚಾಯತಿ ಚುನಾವಣೆ. ಆಮೇಲೆ ವಿದೇಶಿ ವಿನಿಮಯ, ಕಾಡಿನ ಕಾನೂನು, ದಶಮಾಂಶದ ತೂಕ ಅಳತೆ. ಪ್ರತಿ ಸಲ ಕಾಗದ ಬಂದಾಗ ಗೌಡರು ಗದ್ದೆಯಿಂದ ನೇರ ಶಾಲೆಗೆ ಬಂದು, ಕೆಸರು ಕಾಲಲ್ಲಿ ಬಾಗಿಲ ಹೊರಗೇ ನಿಂತು, “ವಿಷಯ ಎಂತ ಮಾಷ್ಟ್ರೆ?” ಎಂದು ಕೇಳುತ್ತಿದ್ದರು. ಓದಿ ಹೇಳುತ್ತಿದ್ದೆ. “ಹಾಗಾದ್ರೆ ಮುಂದಿನ ಸಲ” ಎಂದು ಹೋಗುತ್ತಿದ್ದರು. ನಾನೇ ಒಂದು ಅರ್ಜಿ ಗೀಚಿ ಮೇಲಕ್ಕೆ ಕಳುಹಿಸಬಹುದಿತ್ತು. ಮೇಲಿನವರು ಕೇಳದೆ ಕೆಳಗಿನವನು ಬರೆಯಬಾರದೆಂದು ನನ್ನ ನಂಬಿಕೆ. ಆ ನಂಬಿಕೆಯ ಬಗ್ಗೆ ನನಗೆ ಈಗ ನಾಚಿಕೆಯಿದೆ. ಆಗ ಅದನ್ನು ಶಿಸ್ತು ಎಂದುಕೊಂಡಿದ್ದೆ.

ಅರವತ್ತಮೂರರ ನವರಾತ್ರಿಯ ಹೊತ್ತಿಗೆ ಪೆರಾಬೆಯಿಂದ ಕುಮುದಿನಿಗೆ ಸಂಬಂಧ ಬಂತು. ಒಳ್ಳೆಯ ಮನೆ, ಹುಡುಗನ ಹೆಸರು ಪದ್ಮಯ್ಯ, ದೂರಲು ಏನೂ ಇರಲಿಲ್ಲ. ಅದೇ ವಾರ ವಿಶ್ವವಿದ್ಯಾಲಯದ ಕಾಗದವೂ ಬಂತು. ದಶಂಬ್ರದಲ್ಲಿ ಉಪನ್ಯಾಸ, ವಿಷಯ ‘ಗ್ರಾಮೀಣ ಶಿಕ್ಷಣ: ಸರಕಾರದ ನೀತಿ’. ಓದಿ ಹೇಳಿದಾಗ ಗೌಡರು ಇನ್ನೊಮ್ಮೆ ಓದಿಸಿದರು. ಪೆರಾಬೆಯವರಿಗೆ, “ಉಪನ್ಯಾಸ ಕಳೀಲಿ, ಆಮೇಲೆ ಹೇಳ್ತೇನೆ” ಎಂದು ಉತ್ತರ ಕಳುಹಿಸಿದರು. ಉಪನ್ಯಾಸವೆಂದರೆ ಸುಳ್ಯದ ಕಡೆಯ ಗೌಡರು ಹಿಡಿಯುವ ಯಾವುದೋ ವ್ರತವೆಂದು ಎಣಿಸಿ ಅವರು ಮರ್ಯಾದೆಯಿಂದ ಕಾದರು.

ಆ ಸಲ ಬಂದವರು ಮತ್ತೆ ರಾಮಪ್ರಸಾದರೇ. ಶಾಲಾ ಇನ್ಸ್‌ಪೆಕ್ಟರರೂ ಬರುವವರಿದ್ದರು. ಆದ್ದರಿಂದ ಪ್ರಶ್ನೆ ಘನವಾಗಿರಬೇಕೆಂದು ಡೊಂಬಯ್ಯನವರು ನನಗೆ ತಾಕೀತು ಮಾಡಿದ್ದರು. ‘ಶಿಕ್ಷಣದ ಪರಮ ಗುರಿ ಯಾವುದು?’ ಎಂದು ಬರೆದು ಗೌಡರಿಗೆ ಕೊಟ್ಟೆ. ಅವರು ಅದನ್ನು ಓದಲಿಲ್ಲ, ಮಡಚಿ ಕಿಸೆಗೆ ಹಾಕಿದರು. ನನಗೆ ಆಗಲೇ ಅಂದಾಜಾಯಿತು, ಆದರೂ ಏನೂ ಹೇಳಲಿಲ್ಲ. ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಮಧ್ಯಾಹ್ನ ಮೂರು ಗಂಟೆಗೆ ಸಭೆ. ದೇವಮ್ಮ ಕುಮುದಿನಿಯನ್ನು ಕರೆದುಕೊಂಡು ಬಂದು ಹಿಂದೆ ಗೋಡೆಯ ಬದಿಯಲ್ಲಿ ಕೂತಿದ್ದರು. ಗೌಡರ ತುಟಿ ಅಂದು ಅಲುಗಲಿಲ್ಲ. ಉಪನ್ಯಾಸವನ್ನು ಕೇಳುತ್ತಿದ್ದರು. ಪ್ರಶ್ನೆಗೆ ಕರೆದಾಗ ಕಿವಿ ತುರಿಸಲಿಲ್ಲ, ಆಚೆ ಈಚೆ ನೋಡಲಿಲ್ಲ, ಕೂಡಲೇ ಎದ್ದರು.

“ಸ್ವಾಮಿ, ನಮ್ಮ ಶಾಲೆ ಐದಕ್ಕೆ ನಿಲ್ತದೆ. ನನ್ನ ಮಗಳು ಐದನೇದರಲ್ಲಿ ನಾಲ್ಕು ವರ್ಷ ಕೂತ್ಲು, ಫೇಲಾಗಿ ಅಲ್ಲ. ಇಲ್ಲಿಗೆ ಆರನೇದು ಬರ್ಬೇಕಾದ್ರೆ ನಾವು ಎಂತ ಮಾಡ್ಬೇಕು?”

ಆ ದೊಡ್ಡ ಸ್ವರ ಅಂದು ಸಣ್ಣಗೆ ಬಂತು. ಡೊಂಬಯ್ಯನವರು ನನ್ನ ಕಡೆ ತಿರುಗಿ ನೋಡಿದರು.

“ಒಂದು ಅರ್ಜಿ ಕೊಡಬೇಕು” ಎಂದರು ಪ್ರೊಫೆಸರರು. “ಹನ್ನೆರಡು ಮಕ್ಕಳ ಹೆಸರು, ಊರವರ ಸಹಿ, ಅಷ್ಟೇ. ಎರಡನೆಯ ಯೋಜನೆಯಲ್ಲೇ ಇದಕ್ಕೆ ಅವಕಾಶವಿತ್ತು. ನಾನು ಮೊದಲು ಬಂದಾಗ ಇದೇ ಕೋಣೆಯಲ್ಲಿ ಹೇಳಿದ್ದೆನಲ್ಲ.”

ಇನ್ಸ್‌ಪೆಕ್ಟರರು ತಲೆ ಆಡಿಸಿದರು. “ಕೇಳಿದ ಊರುಗಳಿಗೆಲ್ಲ ಕೊಟ್ಟಿದ್ದೇವೆ. ಈ ಊರಿನಿಂದ ಯಾರೂ ಕೇಳಲಿಲ್ಲ.”

ಐವತ್ತೇಳರ ಆ ಉಪನ್ಯಾಸದಲ್ಲಿ ನಾನೂ ಇದ್ದೆ. ಆ ಮಾತು ಬಂದಾಗ ಕಾಫಿಯ ಲೋಟಗಳು ಸಾಕಾಗುತ್ತವೆಯೇ ಎಂದು ನೋಡಲು ಹೊರಗೆ ಹೋಗಿದ್ದೆನೋ, ಒಳಗೇ ಇದ್ದು ಕೇಳಿಸಿಕೊಳ್ಳಲಿಲ್ಲವೋ, ಹೇಳಲಾರೆ.

ಗೌಡರು ಕೂರಲಿಲ್ಲ. ಒಂದು ಸಭೆಯಲ್ಲಿ ಅವರು ಎರಡನೆಯ ಪ್ರಶ್ನೆ ಕೇಳಿದ್ದು ಅದೇ ಮೊದಲು. “ಹದಿನೈದು ವರ್ಷ ಆದವರನ್ನು ಆರನೇದಕ್ಕೆ ಸೇರಿಸ್ತಾರಾ ಸ್ವಾಮಿ?”

“ಇಲ್ಲ, ಹದಿಮೂರು ದಾಟಿದವರನ್ನು ಸೇರಿಸುವುದಿಲ್ಲ” ಎಂದರು ಇನ್ಸ್‌ಪೆಕ್ಟರರು.

ಗೌಡರು, “ಆಯ್ತು” ಎಂದು ಕೂತರು. ಪ್ರೊಫೆಸರರು ಅಚ್ಚಾದ ಕಾಗದದಲ್ಲಿ, ಪ್ರಶ್ನೆಗಳು ಉತ್ತಮ ಮಟ್ಟದವು ಎಂದು ಬರೆದರು. ನಾನು ಎದ್ದು ಎಲ್ಲರಿಗೂ ವಂದನೆ ಸಲ್ಲಿಸಿದೆ. ಹಿಂದೆ ಗೋಡೆಯ ಬದಿಯಲ್ಲಿ ಯಾರೂ ಇರಲಿಲ್ಲ.

ಮರುದಿನವೇ ಅರ್ಜಿ ಬರೆದೆ. ಮೊದಲ ಸಹಿ ಡೊಂಬಯ್ಯನವರದು, ಆ ವಿಷಯದಲ್ಲಿ ಅವರನ್ನು ದೂರುವ ಹಾಗಿಲ್ಲ. ಎರಡನೆಯದು ಕೂಸಪ್ಪ ಗೌಡರದು. ಅರವತ್ತನಾಲ್ಕರ ಜೂನಿನಲ್ಲಿ ಆರನೆಯ ತರಗತಿ ಸುರುವಾಯಿತು. ಹದಿನಾಲ್ಕು ಮಕ್ಕಳು, ಅದರಲ್ಲಿ ಎಂಟು ಹುಡುಗಿಯರು. ಕುಮುದಿನಿಯ ಮದುವೆ ಮೇ ತಿಂಗಳಲ್ಲಿ ಆಗಿಹೋಗಿತ್ತು.

ಆಮೇಲೆಯೂ ಉಪನ್ಯಾಸಗಳು ಬಂದವು. ಗೌಡರು ಗಂಟಲು ಸರಿಯಿಲ್ಲ ಎಂದರು. ಹಾಗೆಂದ ದಿನ ಸಂಜೆಯೇ ಅವರು ಕೋಣಗಳನ್ನು ಕೂಗಿ ಕರೆದದ್ದು ಇಡೀ ಊರಿಗೆ ಕೇಳಿತು. ಯಾರೂ ಅವರನ್ನು ಮತ್ತೆ ಒತ್ತಾಯಿಸಲಿಲ್ಲ. ಬೇರೊಬ್ಬರನ್ನು ನೇಮಿಸಿದೆವು. ಅವರ ಹೆಸರು ದುಗ್ಗಪ್ಪ, ಕೆಲಸ ಪರವಾಗಿರಲಿಲ್ಲ.

ಅರವತ್ತಾರರಲ್ಲಿ ನನಗೆ ಕಡಬದಲ್ಲಿ ಏನೋ ಕೆಲಸವಿತ್ತು. ಗೌಡರು ಅಲ್ಲೇ ಹತ್ತಿರದ ಪೆರಾಬೆಗೆ, ಮಗಳ ಮನೆಗೆ ಹೊರಟಿದ್ದರು, ನಾನೂ ಜೊತೆಗೆ ಹೋದೆ. ಕುಮುದಿನಿಗೆ ಆಗ ಆರು ತಿಂಗಳ ಹೆಣ್ಣುಮಗು. ಗಂಡ ತೋಟಕ್ಕೆ ಹೋಗಿದ್ದ. ನಮ್ಮಿಬ್ಬರನ್ನು ಕೂರಿಸಿ ಎಲೆ ಹಾಕಿ ಬಡಿಸಿದಳು. ನೆಕ್ಕರೆಮೂಲೆಯ ಸುದ್ದಿ ಕೇಳಿದಳು. ಈಗ ಏಳನೆಯದೂ ಬಂದಿದೆ, ಹುಡುಗಿಯರೇ ಜಾಸ್ತಿ ಎಂದು ನಾನು ಹೇಳಿದೆ. ಹೇಳಬಾರದಿತ್ತು ಎಂದು ಹೇಳಿದ ಮೇಲೆ ಹೊಳೆಯಿತು.

ಅವಳು ಸೌಟು ಹಿಡಿದುಕೊಂಡು ನಿಂತಳು.

“ಅಪ್ಪ, ನಾನು ಪಾಸಾದ ವರ್ಷವೇ ನೀವು ಅದನ್ನು ಕೇಳಿದ್ರೆ ನನಗೆ ಸಿಗ್ತಿತ್ತಾ?”

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದು. ಶಾಲೆಯಲ್ಲಿಯೂ ಅವಳು ಹಾಗೆಯೇ ಕೇಳುತ್ತಿದ್ದಳು. ಗೌಡರು ನನ್ನ ಮುಖ ನೋಡಿದರು. ನಾನು ನನ್ನ ಎಲೆ ನೋಡಿಕೊಂಡೆ.

“ಸಿಗ್ತಿತ್ತು ಮಗಾ” ಎಂದರು ಅವರು.

ಕುಮುದಿನಿ ತಲೆ ಆಡಿಸಿದಳು. ತಂದೆಗೆ ಅನ್ನ ಹಾಕಿದಳು. ಆಮೇಲೆ ನನ್ನ ಎಲೆಯ ಮುಂದೆ ಬಂದು, “ನಿಮಗೆ ಮಾಷ್ಟ್ರೆ?” ಎಂದು ಕೇಳಿದಳು. ನಾನು ಸಾಕು ಎಂದೆ.