ಎರಡು ವಿಮಾನ, ಒಂದೇ ಪೆಟ್ಟಿಗೆ

ಜೆಫೆರಿನು ಸಪಾಲು ದೇಶದ್ರೋಹಿ ಎಂದು ಸೈನ್ಯದ ಕಡತದಲ್ಲಿ ಬರೆದಿದ್ದಾರೆ. ಬರೆದವನ ಕೈಗೆ ಹುಳ ಬೀಳಲಿ. ಕರಾವಳಿಯ ಕಟುಂಬೆಲಾ ವಿಮಾನ ನಿಲ್ದಾಣದ ಗೋಪುರದಲ್ಲಿ ಹತ್ತೊಂಬತ್ತು ವರ್ಷ ರೇಡಾರ್ ತೆರೆಯ ಮುಂದೆ ಕೂತವನು ನಾನು, ಕಾಮಿಲು. ಅವನು ಸತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಸಾವಿನಲ್ಲಿ ನನ್ನ ಪಾಲೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ನಾವೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಿದ್ದೆವು. ಕುಳ್ಳ ಆಳು, ಅಗಲ ಭುಜ, ಮೂಗಿನ ತುದಿಯಲ್ಲೇ ಕೋಪ. ವಿಮಾನದೊಳಗಿನ ರೇಡಿಯೊಗಳನ್ನೂ ಅವುಗಳ ಪೆಟ್ಟಿಗೆಗಳನ್ನೂ ರಿಪೇರಿ ಮಾಡುವುದು ಅವನ ಕಸುಬು. ಹೆಂಡತಿ ಕಾಲರಾದಲ್ಲಿ ಹೋದ ಮೇಲೆ ಮಗಳು ದೆಲ್ಫಿನಾಳನ್ನು ಒಬ್ಬನೇ ಸಾಕಿ ನರ್ಸ್ ಮಾಡಿದ್ದ. ಪಾಠ ಹೇಳುವಾಗಲೂ ಅವನ ಮಾತಿಗಿಂತ ಕೈ ಮುಂದೆ. ನಾನು ಕೆಲಸಕ್ಕೆ ಸೇರಿದ ವಾರ, ರೇಡಾರ್ ವಿಮಾನವನ್ನು ನೋಡುತ್ತದೆ ಎಂದುಬಿಟ್ಟೆ. ತಲೆಯ ಹಿಂದೆ ಫಟ್ಟನೆ ಒಂದು ಬಿತ್ತು.

"ನೋಡುತ್ತಂತೆ! ನಿಮ್ಮಜ್ಜ ನೋಡ್ತಾನೆ. ಹಳೇ ರೇಡಾರು ಕೂಗು ಹಾಕಿ ಪ್ರತಿಧ್ವನಿ ಕೇಳ್ಕೊಳೋದು. ಗುಡ್ಡಾನೂ ಚುಕ್ಕಿ, ಮೋಡಾನೂ ಚುಕ್ಕಿ. ನಿನ್ನ ಮುಂದಿರೋದು ಹಂಗಲ್ಲ ಕಣೋ. ಇದು ಪ್ರಶ್ನೆ ಕೇಳುತ್ತೆ. 'ಯಾರು ನೀನು?' ವಿಮಾನದ ಬಾಲದಲ್ಲಿರೋ ಪೆಟ್ಟಿಗೆ ಬಾಯಿಬಿಟ್ಟು ನಂಬರ್ ಹೇಳ್ಬೇಕು. 'ಎಷ್ಟು ಎತ್ತರದಲ್ಲಿದೀಯ?' ಅದನ್ನೂ ಹೇಳ್ಬೇಕು. ಕೇಳೋದು ಒಂದು ತರಂಗದಲ್ಲಿ, ಉತ್ತರ ಬರೋದು ಇನ್ನೊಂದರಲ್ಲಿ. ಅದಕ್ಕೇ ಗುಡ್ಡದ ಗದ್ದಲ ಇದರಲ್ಲಿಲ್ಲ."

"ಪೆಟ್ಟಿಗೆ ಹೇಳ್ಲಿಲ್ಲ ಅಂದ್ರೆ?"

"ಹೇಳ್ಲಿಲ್ಲ ಅಂದ್ರೆ ನಿನ್ನ ತೆರೆ ಮೇಲೆ ಆ ವಿಮಾನ ಹುಟ್ಟೇ ಇಲ್ಲ. ತಲೆ ಮೇಲೇ ಹಾರ್ತಿದ್ರೂ ಇಲ್ಲ."

ನಂಬರು ನಾಲ್ಕು ಅಂಕಿಯದು. ಬೆಳಿಗ್ಗೆ ನಾವು ಕೊಟ್ಟದ್ದನ್ನು ಪೈಲಟ್ ಗುಂಡಿ ತಿರುಗಿಸಿ ಇಡಬೇಕು. ಸೊನ್ನೆಯಿಂದ ಏಳರವರೆಗೆ ಮಾತ್ರ, ಎಂಟು ಒಂಬತ್ತು ಆ ಗುಂಡಿಯಲ್ಲೇ ಇಲ್ಲ. "ಪೆಟ್ಟಿಗೆಗೆ ಎಂಟೇ ಬೆರಳು, ಅಷ್ಟರಲ್ಲೇ ಎಣಿಸುತ್ತೆ ಪಾಪ" ಎಂದು ಮೇಸ್ತ್ರಿ ನಗುತ್ತಿದ್ದ. ಕೆಲವು ನಂಬರುಗಳನ್ನು ಆಪತ್ತಿಗೆಂದೇ ಎತ್ತಿಟ್ಟಿದ್ದಾರೆ. ಏಳು-ಐದು-ಸೊನ್ನೆ-ಸೊನ್ನೆ ಎಂದರೆ ವಿಮಾನ ಅಪಹರಣವಾಗಿದೆ ಎಂದು. ಗುಂಡಿ ತಿರುಗಿಸುವಾಗ ಅಪ್ಪಿತಪ್ಪಿ ಅದರ ಮೇಲೆ ಹಾದರೂ ನಮ್ಮ ತೆರೆ ಬೊಬ್ಬೆ ಹೊಡೆಯುತ್ತದೆ. ಅದಕ್ಕೇ ಮೊದಲು ಪೆಟ್ಟಿಗೆಯನ್ನು 'ಕಾದಿರು' ಎಂಬ ಗುರುತಿಗೆ ತಂದು, ಅದರ ಬಾಯಿ ಮುಚ್ಚಿಸಿ, ನಂಬರು ಬದಲಿಸಿ, ಮತ್ತೆ ಬಾಯಿ ಬಿಡಿಸುವುದು ನಮ್ಮಲ್ಲಿನ ಪದ್ಧತಿ.

ಒಮ್ಮೆ ಹೊಸ ಪೈಲಟ್ ಒಬ್ಬ ಈ ಪದ್ಧತಿ ಮರೆತ. ನಂಬರು ಏಳು-ನಾಲ್ಕು-ಸೊನ್ನೆ-ಸೊನ್ನೆ ಇತ್ತು, ಏಳು-ಎರಡು-ಸೊನ್ನೆ-ಸೊನ್ನೆ ಬೇಕಿತ್ತು. ಎರಡನೆಯ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಬಿಟ್ಟು ಮುಂದಕ್ಕೆ ತಿರುಗಿಸಿ ಐದರ ಮೇಲೆ ಹಾದ. ಇಳಿದದ್ದೇ ತಡ, ಸೈನಿಕರು ಕೂದಲು ಹಿಡಿದು ಹೊರಗೆಳೆದು ಬಂದೂಕಿನ ಹಿಂಭಾಗದಿಂದ ಬಾಯಿಗೆ ಗುದ್ದತೊಡಗಿದರು. ಮೇಸ್ತ್ರಿ ಸ್ಪ್ಯಾನರ್ ಹಿಡಿದು ನುಗ್ಗಿದ. ಸಾರ್ಜೆಂಟನ ಮೂಗು ಮುರಿಯಿತು. ಮೇಸ್ತ್ರಿ ಹನ್ನೊಂದು ದಿನ ಒಳಗಿದ್ದು ಹೊರಬಂದಾಗ ಎಡಗಿವಿ ಕೇಳುತ್ತಿರಲಿಲ್ಲ.

"ಆ ಪೈಲಟ್ ನಿನಗೇನಾಗ್ಬೇಕು ಮೇಸ್ತ್ರಿ?" ಎಂದು ಕೇಳಿದೆ.

"ಏನೂ ಆಗ್ಬೇಕಿಲ್ಲ. ಗುಂಡಿ ತಪ್ಪು ತಿರುಗಿಸಿದ್ದಕ್ಕೆ ಹಲ್ಲು ಉದುರಿಸ್ತಾರೇನೋ, ಸೂಳೆಮಕ್ಕಳು!"

ಯುದ್ಧ ಮತ್ತೆ ಹತ್ತಿಕೊಂಡ ವರ್ಷ ಒಳನಾಡಿನ ಎತ್ತರದ ಊರೊಂದು ಮುತ್ತಿಗೆಗೆ ಸಿಕ್ಕಿಬಿತ್ತು. ರಸ್ತೆ ಇಲ್ಲ, ರೈಲಿಲ್ಲ, ಹೋಗುವುದಿದ್ದರೆ ವಿಮಾನ ಒಂದೇ. ಶತ್ರುಗಳಿಗೂ ಹೊರದೇಶದಿಂದ ವಿಮಾನಗಳು ಬರುತ್ತಿದ್ದವು, ಅವರೂ ನಮ್ಮ ಭಾಷೆಯನ್ನೇ ಆಡುವವರು, ರೇಡಿಯೊದಲ್ಲಿ ದನಿ ಕೇಳಿ ನಂಬುವಂತಿರಲಿಲ್ಲ. ಹಾಗಾಗಿ ಆ ಊರಿನ ರನ್‌ವೇ ಪಕ್ಕ ನಮ್ಮ ಕ್ಷಿಪಣಿ ದಳ ತನ್ನದೇ ರೇಡಾರ್ ಇಟ್ಟುಕೊಂಡು ಕೂತಿತ್ತು. ದಿನದ ನಂಬರು ಹೇಳಿದ ವಿಮಾನ ಇಳಿಯಬಹುದು. ಹೇಳದಿದ್ದದ್ದನ್ನು ಹೊಡೆಯುವುದು. ಎರಡನೇ ಮಾತಿಲ್ಲ.

ಮೊದಲ ತಿಂಗಳಲ್ಲೇ ನಮ್ಮದೇ ವಿಮಾನ ಒಂದನ್ನು ಹೊಡೆದರು. ಒಳಗಿದ್ದ ಒಂಬತ್ತು ಜನ ಗೋಣಿಚೀಲಗಳಲ್ಲಿ ವಾಪಸು ಬಂದರು. ಯಾವ ಕೈ ಯಾರದೆಂದು ಅವರ ಹೆಂಡತಿಯರಿಗೂ ತಿಳಿಯಲಿಲ್ಲ. ಅವರ ಜೊತೆ ಬಂದ ವಿಮಾನದ ಅವಶೇಷದೊಳಗಿಂದ ಸುಟ್ಟ ಗುಂಡಿಯ ಫಲಕವನ್ನು ಹೆಕ್ಕಿ ಮೇಸ್ತ್ರಿ ನನ್ನ ಮೇಜಿನ ಮೇಲಿಟ್ಟ. ಸೂಚಿ 'ಕಾದಿರು' ಗುರುತಿನಲ್ಲೇ ಕರಗಿ ಅಂಟಿಕೊಂಡಿತ್ತು. ಪೈಲಟ್ ಪದ್ಧತಿಯಂತೆ ಬಾಯಿ ಮುಚ್ಚಿಸಿದ್ದ, ಸರಿಯಾದ ನಂಬರು ಇಟ್ಟಿದ್ದ, ಮತ್ತೆ ಬಾಯಿ ಬಿಡಿಸುವುದನ್ನು ಮರೆತಿದ್ದ. ಮೇಸ್ತ್ರಿ ಅಂದು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಅವನು ದುಡಿಯುತ್ತಿದ್ದದ್ದು ಮೇಜರ್ ಫಿರ್ಮಿನು ಎಂಬ ನಿವೃತ್ತ ಸೇನಾಧಿಕಾರಿಯ ಬಳಿ. ಮೇಜರನಿಗೆ ಎರಡು ಹಳೆಯ ಸಾಗಣೆ ವಿಮಾನಗಳಿದ್ದವು. ಒಂದರಲ್ಲಿ ಆಸ್ಪತ್ರೆಯ ಔಷಧಿ, ರಕ್ತ, ನರ್ಸುಗಳು ಹೋಗುತ್ತಿದ್ದರು. ಇನ್ನೊಂದರಲ್ಲಿ ಮೇಜರನ ಸ್ವಂತ ಬಿಯರ್ ಮತ್ತು ಡೀಸೆಲ್ ಹೋಗಿ, ಬರುವಾಗ ವಜ್ರದ ಹರಳು ಬರುತ್ತಿತ್ತು. ಎರಡಕ್ಕೂ ಸೇರಿ ಕೆಲಸ ಮಾಡುವ ಪೆಟ್ಟಿಗೆ ಮಾತ್ರ ಒಂದೇ. ಬೆಳಿಗ್ಗೆ ಆಸ್ಪತ್ರೆ ವಿಮಾನ ಹೋಗಿ ಬಂದ ಮೇಲೆ ಮೇಸ್ತ್ರಿ ಅದರ ಬಾಲದೊಳಕ್ಕೆ ನುಸುಳಿ, ಎರಡು ಕೊಂಡಿ ಬಿಚ್ಚಿ, ಒಂದು ತಂತಿ ಕಳಚಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಓಡಿಹೋಗಿ ಬಿಯರ್ ವಿಮಾನಕ್ಕೆ ಕೂರಿಸುತ್ತಿದ್ದ. ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಇನ್ನೂ ನಾಲ್ಕಾರು ಕಂಪನಿಗಳು ಹೀಗೇ ನಡೆಯುತ್ತಿದ್ದವು, ಯಾರಿಗೂ ಅದು ವಿಚಿತ್ರ ಎನಿಸಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಮಂಗಳವಾರ ಸುದ್ದಿ ಬಂತು. ಶತ್ರುಗಳ ಫಿರಂಗಿ ಹತ್ತಿರ ಬಂದಿದೆ, ನಾಳೆಯಿಂದ ಆ ರನ್‌ವೇ ಇರುವುದಿಲ್ಲ, ಇವತ್ತೇ ಕೊನೆ. ಎರಡೂ ವಿಮಾನ ಒಟ್ಟಿಗೆ ಹೊರಡಬೇಕಾಯಿತು. ಆಸ್ಪತ್ರೆ ವಿಮಾನದಲ್ಲಿ ರಕ್ತದ ಬಾಟಲಿಗಳ ಜೊತೆ ದೆಲ್ಫಿನಾ ಇದ್ದಳು.

ಮೇಜರ್ ವಿಮಾನ ನಿಲ್ಲಿಸುವ ಹಂಗಾರಿಗೆ ಬಂದು, "ಪೆಟ್ಟಿಗೆ ನನ್ನ ಬಿಯರಿಗೆ ಹಾಕು" ಎಂದ.

"ಆಸ್ಪತ್ರೆ ವಿಮಾನದಲ್ಲಿ ಹದಿನಾಲ್ಕು ಜನ ಇದಾರೆ ಮೇಜರ್."

"ಅವರು ರೇಡಿಯೊದಲ್ಲಿ ಮಾತಾಡ್ಕೊಂಡು ಹೋಗ್ಲಿ. ದಳದೋರು ನಮ್ಮೋರೇ."

"ನಮ್ಮೋರೇ ಒಂಬತ್ತು ಜನಾನ ಚೀಲಕ್ಕೆ ತುಂಬಿ ಕಳ್ಸಿದ್ರು. ನಾನು ಹಾಕಲ್ಲ."

ಮೇಜರ್ ತನ್ನ ಇಬ್ಬರು ಆಳುಗಳತ್ತ ತಲೆಯಾಡಿಸಿದ. ಅವರು ಮೇಸ್ತ್ರಿಯ ಎಡಗೈಯನ್ನು ಕೆಲಸದ ಮೇಜಿನ ಮೇಲೆ ಒತ್ತಿ ಹಿಡಿದು ಸುತ್ತಿಗೆಯಿಂದ ಎರಡು ಬೆರಳು ಜಜ್ಜಿದರು. ಆ ಕಿರುಚು ಗೋಪುರದಲ್ಲಿದ್ದ ನನ್ನ ಕಿವಿಗೂ ಬಿತ್ತು. ನಾನು ಕೆಳಗಿಳಿದು ಹೋಗುವಷ್ಟರಲ್ಲಿ ಅವನು ನೆಲದಲ್ಲಿ ಕೂತು ಕೈಗೆ ಚಿಂದಿ ಸುತ್ತಿಕೊಳ್ಳುತ್ತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಈಗ ನಂಗೂ ಎಂಟೇ ಬೆರಳು ಕಾಮಿಲು" ಎಂದ. "ಪೆಟ್ಟಿಗೆ ಥರಾನೇ ಎಣಿಸ್ತೀನಿ ಇನ್ಮೇಲೆ."

"ಹಾಕಿಬಿಡು ಮೇಸ್ತ್ರಿ. ನಿನ್ನ ಕೊಂದೇ ಬಿಡ್ತಾರೆ."

ನನ್ನ ಕೊರಳಪಟ್ಟಿ ಹಿಡಿದು ಹತ್ತಿರಕ್ಕೆಳೆದುಕೊಂಡ. "ಕೇಳಿಸ್ಕೋ. ಒಳ್ಳೇ ಪೆಟ್ಟಿಗೆ ದೆಲ್ಫಿನಾ ವಿಮಾನದಲ್ಲೇ ಇರುತ್ತೆ. ಬಿಯರಿಗೆ ಸತ್ತ ಪೆಟ್ಟಿಗೆ ಹಾಕ್ತೀನಿ. ಉತ್ತರ ಹೋದಾಗ ಪೈಲಟ್ ಮುಂದೆ ಮಿನುಗೋ ದೀಪ ಇದ್ಯಲ್ಲ, ಅದನ್ನ ಬ್ಯಾಟರಿಗೆ ಕಟ್ತೀನಿ. ಈ ಕತ್ತೆಗಳು ದೀಪ ನೋಡಿ ಸರಿ ಅಂತಾವೆ. ಎವರಿಸ್ತುಗೆ ಹೇಳಿದೀನಿ."

ಎವರಿಸ್ತು ಬಿಯರ್ ವಿಮಾನದ ಪೈಲಟ್, ನಮ್ಮಿಬ್ಬರ ಗೆಳೆಯ. ಅವನು ಮೇಲೆ ಹಾರಿ, ಎಂಜಿನ್ ಕಾದಿದೆ ಎಂದು ನೆಪ ಹೇಳಿ, ಅರ್ಧ ದಾರಿಯಿಂದ ತಿರುಗಿ ಬರುವುದೆಂದು ಗೊತ್ತಾಗಿತ್ತು. ಯಾರೂ ಸಾಯಬೇಕಿರಲಿಲ್ಲ. ಬಿಯರ್ ಮಾತ್ರ ಇಲ್ಲೇ ಉಳಿಯುತ್ತಿತ್ತು.

ಹೇಳಿದಂತೆಯೇ ಮಾಡಿದ, ಮೂರು ಬೆರಳಿನ ಎಡಗೈಯಲ್ಲಿ, ರಕ್ತ ತಂತಿಗೆ ತಾಗದಂತೆ ಮುಂಗೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು. ಆಳು ಬಂದು ದೀಪ ನೋಡಿ ಸರಿ ಎಂದ. ಹತ್ತೂಕಾಲಿಗೆ ಆಸ್ಪತ್ರೆ ವಿಮಾನ ಹಾರಿತು. ನನ್ನ ತೆರೆಯ ಮೇಲೆ ಅದರ ನಂಬರು, ಅದರ ಕೆಳಗೆ ಎತ್ತರ, ಆಂಟೆನಾ ಒಂದೊಂದು ಸುತ್ತು ಬಂದಾಗಲೂ ಸ್ವಚ್ಛವಾಗಿ ಮೂಡಿದವು. ಕಿಟಕಿಯಿಂದ ಹೆಬ್ಬೆರಳೆತ್ತಿ ತೋರಿಸಿದೆ. ಕೆಳಗೆ ನಿಂತಿದ್ದ ಮೇಸ್ತ್ರಿ ನಕ್ಕ.

ಅಷ್ಟರಲ್ಲಿ ಜೀಪೊಂದು ಬಂತು. ಮೇಜರ್ ಸೂಟ್‌ಕೇಸ್ ಹಿಡಿದು ಇಳಿದ. ಕೊನೆಯ ಹರಳುಗಳನ್ನು ತಾನೇ ಹೋಗಿ ತರುತ್ತಾನಂತೆ. ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಎವರಿಸ್ತುವಿನ ಪಕ್ಕದ ಸೀಟಿನಲ್ಲಿ ಕೂತ. ಇನ್ನು ಎಂಜಿನ್ ನೆಪ ಹೇಳುವುದು ಹೇಗೆ? ಮೀಟರುಗಳು ಮೇಜರನ ಕಣ್ಣಮುಂದೆಯೇ ಇವೆ. ಪೆಟ್ಟಿಗೆ ಸತ್ತದ್ದು ಎಂದು ಬಾಯಿಬಿಟ್ಟರೆ ಮೇಸ್ತ್ರಿಯನ್ನು ಅಲ್ಲೇ ಕೊಲ್ಲುತ್ತಾನೆ. ರೇಡಿಯೊದಲ್ಲಿ ಎವರಿಸ್ತು ಕೇಳಿದ.

"ಗೋಪುರಾ, ಹೊರಡೋಕೆ ಅನುಮತಿ ಬೇಕು. ಬೇಡ ಅಂದ್ರೂ ಪರವಾಗಿಲ್ಲ."

ನಾನು ಬೇಡ ಎಂದೆ. ರನ್‌ವೇ ಮೇಲೆ ದನ ಇದೆ, ಕಾಯಿ ಎಂದೆ. ಆಗ ಮೇಜರನ ದನಿ ಬಂತು. "ಯಾವನೋ ಅವನು? ಕಾಮಿಲು ಅಲ್ವಾ? ನಿಮ್ಮನೆ ಕಾಲುವೆ ದಾಟಿದ್ಮೇಲೆ ನೀಲಿ ಬಾಗಿಲು. ಇಬ್ಬರು ಹೆಣ್ಣುಮಕ್ಕಳು. ಅನುಮತಿ ಕೊಡ್ತೀಯಾ, ನಾನು ಇಳಿದು ಬರ್ಲಾ?"

ಕೊಟ್ಟೆ. ಹೊರಡು ಎಂದು ಈ ಬಾಯಿಂದಲೇ ಹೇಳಿದೆ. ಆ ವಿಮಾನ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ, ಒಂದು ಗಂಟೆಯೊಳಗೆ ಎವರಿಸ್ತು ಚೂರುಚೂರಾಗುತ್ತಾನೆ ಎಂದು ಗೊತ್ತಿದ್ದೂ ಹೇಳಿದೆ. ಹೆದರಿದ್ದೆ, ಅಷ್ಟೆ. ಇದಕ್ಕೆ ಬೇರೆ ಹೆಸರಿಲ್ಲ.

ಎಂಜಿನ್‌ಗಳು ಮೊರೆಯುತ್ತಿದ್ದವು, ವಿಮಾನ ಮುಂದಕ್ಕೆ ಉರುಳತೊಡಗಿತ್ತು. ಮೇಸ್ತ್ರಿ ಕೂಗುತ್ತಾ ಕೈ ಬೀಸಿದ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಗೋಡೆಗೊರಗಿದ್ದ ಕಬ್ಬಿಣದ ಏಣಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಎಡಗೈಯ ಚಿಂದಿ ಬಿಚ್ಚಿಕೊಂಡು ಹಿಂದೆ ಹಾರುತ್ತಿತ್ತು. ತಿರುಗುತ್ತಿದ್ದ ಎಡಗಡೆಯ ಪ್ರೊಪೆಲ್ಲರಿನೊಳಕ್ಕೆ ಏಣಿಯನ್ನು ನೇರವಾಗಿ ತಿವಿದ.

ಗೋಪುರದ ಗಾಜು ಅದುರಿತು. ಏಣಿ ಮೂರು ತುಂಡಾಯಿತು. ಅಲಗೊಂದು ಮುರಿದು ಹಂಗಾರಿನ ಗೋಡೆ ಸೀಳಿಕೊಂಡು ಹೋಯಿತು. ಕಬ್ಬಿಣದ ಚೂರು ಮೇಸ್ತ್ರಿಯ ತೊಡೆಯನ್ನು ಮೂಳೆಯವರೆಗೆ ಕೊಯ್ದಿತು. ವಿಮಾನ ಓಲಾಡಿ ಹುಲ್ಲಿನ ಮೇಲೆ ನಿಂತಿತು. ಮೇಜರ್ ಜಿಗಿದು ಬಂದ, ಬಿದ್ದವನ ಎದೆಯ ಮೇಲೆ ಬೂಟಿಟ್ಟ. ಏನೋ ಕೇಳಿದ. ಮೇಸ್ತ್ರಿ ಅವನ ಬೂಟಿಗೆ ಉಗಿದ. ಮೂರು ಗುಂಡಿನ ಸದ್ದನ್ನು ನಾನು ಎಣಿಸಿದೆ.

"ಶತ್ರುಗಳ ಗೂಢಚಾರ ಇವನು!" ಎಂದು ಮೇಜರ್ ಸುತ್ತ ನಿಂತವರಿಗೆ ಕೂಗಿದ. "ಹೆಣ ಇಲ್ಲೇ ಕೊಳೀಲಿ. ಮುಟ್ಟಿದೋರಿಗೂ ಇದೇ ಗತಿ." ಆಳುಗಳಿಬ್ಬರನ್ನು ಕಾವಲಿಗೆ ನಿಲ್ಲಿಸಿ ಜೀಪು ಹತ್ತಿ ಹೊರಟುಹೋದ. ಹನ್ನೊಂದರ ಬಿಸಿಲಲ್ಲಿ ನೊಣ ಮುತ್ತತೊಡಗಿದವು. ಎವರಿಸ್ತು ವಿಮಾನದ ಚಕ್ರದ ಪಕ್ಕ ಕುಕ್ಕರಿಸಿ ವಾಂತಿ ಮಾಡುತ್ತಿದ್ದ. ನಾನು ಮೇಲೆ ಕೂತು ನೋಡುತ್ತಲೇ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಮುಕ್ಕಾಲು ಗಂಟೆಯಾದ ಮೇಲೆ ದೂರದೂರಿನ ಜೊತೆ ಮಾತಾಡುವ ರೇಡಿಯೊ ಗರಗರ ಎಂದಿತು. ಆಸ್ಪತ್ರೆ ವಿಮಾನದ ಮುದುಕ ಪೈಲಟ್, ಇಳಿದೆವು ಎಂದ. ಹಿಂದೆಯೇ ದೆಲ್ಫಿನಾ.

"ಕಾಮಿಲು ಮಾಮ, ಸುಖವಾಗಿ ಇಳಿದ್ವಿ. ದಳದೋರು ನಮ್ಮ ನಂಬರು ನೋಡಿ ಕೈ ಬೀಸಿದ್ರು! ಅಪ್ಪಂಗೆ ಹೇಳಿ. ಬೀನ್ಸು, ಒಣಮೀನು ಮುಚ್ಚಿಟ್ಟಿದೀನಿ, ಫುಂಜಿ ಮುದ್ದೆ ಮಾತ್ರ ಬಿಸಿಯಾಗಿ ಮಾಡ್ಕೊಳ್ಳಕ್ಕೆ ಹೇಳಿ. ಹಸಿದ್ರೆ ಎಲ್ಲರ ಮೇಲೂ ಎಗರಾಡ್ತಾರೆ."

ಆ ತರಂಗದಲ್ಲಿ ಕರಾವಳಿಯ ಅಷ್ಟೂ ಪೈಲಟ್‌ಗಳು ಕಿವಿಯಿಟ್ಟಿರುತ್ತಾರೆ, ಸೈನ್ಯದವರೂ ಕೂಡ. ಅಲ್ಲಿ ಮನೆಮಾತು ಆಡಬಾರದು ಎಂಬ ನಿಯಮವಿದೆ. ಮೈಕಿನ ಗುಂಡಿ ಒತ್ತಿ ನಾನು ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ ನಿನ್ನ ವಿಮಾನದಲ್ಲಿದೆ ತಾಯಿ, ಅದನ್ನು ಅಲ್ಲಿ ಉಳಿಸಲು ಅಪ್ಪ ಎರಡು ಬೆರಳು ಕೊಟ್ಟ. ಎವರಿಸ್ತುವನ್ನು ಉಳಿಸಲು ಪ್ರೊಪೆಲ್ಲರಿಗೆ ಏಣಿ ತಿವಿದ. ಮೇಜರ್ ಫಿರ್ಮಿನು ಗುಂಡಿಟ್ಟು ಕೊಂದ. ಹೊರಡಲು ಅನುಮತಿ ಕೊಟ್ಟ ಹೇಡಿ ನಾನೇ.

ರೇಡಿಯೊ ಮತ್ತೆ ಗರಗರ ಎಂದಿತು.

"ಈಗೆಲ್ಲಿದಾರೆ ಅಪ್ಪ?"

"ಬಯಲಲ್ಲೇ ಬಿದ್ದಿದಾನೆ. ಮುಟ್ಟೋಕೆ ಬಿಡ್ತಿಲ್ಲ."

"ನೀವೆಲ್ಲಿದೀರಿ ಮಾಮ?"

"ಮೇಲೆ. ಗೋಪುರದಲ್ಲಿ."

"ಇಳೀರಿ" ಎಂದಳು. "ಬಿಸಿಲಿದೆ. ಇಳಿದು ಎತ್ಕೊಳ್ಳಿ ಅವರನ್ನ."

ಇಳಿದೆ. ಮೊದಲ ಆಳು ಬಂದೂಕಿನ ಹಿಂಭಾಗದಿಂದ ಬಾಯಿಗೆ ಗುದ್ದಿ ಎರಡು ಹಲ್ಲು ಉದುರಿಸಿದ. ಬಿದ್ದು ಎದ್ದೆ. ಮತ್ತೆ ಗುದ್ದಿದ, ಮತ್ತೆ ಎದ್ದೆ. ಅಷ್ಟರಲ್ಲಿ ಎವರಿಸ್ತು ಬಾಯಿ ಒರೆಸಿಕೊಳ್ಳುತ್ತಾ ಬಂದ. ಅವನ ಹಿಂದೆ ರೇಡಿಯೊದಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಬೇರೆ ಕಂಪನಿಗಳ ಪೈಲಟ್‌ಗಳೂ ಮೆಕ್ಯಾನಿಕ್‌ಗಳೂ ಸ್ಪ್ಯಾನರ್, ಸುತ್ತಿಗೆ ಹಿಡಿದು ಬಂದರು. ಆಳುಗಳು ಹಿಂದೆ ಸರಿದರು. ಎವರಿಸ್ತು ತಲೆಯ ಕಡೆ ಹಿಡಿದ, ನಾನು ಕಾಲಿನ ಕಡೆ ಹಿಡಿದೆ, ಇಬ್ಬರೂ ಸೇರಿ ಮೇಸ್ತ್ರಿಯನ್ನು ಹಂಗಾರಿನ ನೆರಳಿಗೆ ತಂದು ಮಲಗಿಸಿದೆವು.